ಚಲಪತಿ ಇಟ್ಟುಕೊಂಡ ಆಡು

ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ಚಲಪತಿಗೆ ಲ್ಯಾಪ್‌ಟಾಪ್ ಸಿಕ್ಕಿದ್ದು ಬಹುಮಾನವಾಗಿ ಅಲ್ಲ, ಬೇಡವಾದ ವಸ್ತುವಾಗಿ. ಬಂಗಾರಪೇಟೆಯಲ್ಲಿ ಅವನು ಬಿಲ್ ಬರೆಯುತ್ತಿದ್ದ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಹೊಸ ಕಂಪ್ಯೂಟರ್ ಕೊಂಡರು. ಹಳೆಯದನ್ನು "ತಗೊಂಡೋಗಪ್ಪ, ಸುಮ್ನೆ ಜಾಗ ತಿಂತೈತೆ" ಎಂದು ಅವನ ಕೈಗೆ ದಾಟಿಸಿದರು. ಚಲಪತಿ ಅದನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಸಂಜೆಯ ರೈಲುಗಾಡಿಯಲ್ಲಿ ಮನೆಗೆ ತಂದ. ಅಂದಿನಿಂದ ಆ ಲ್ಯಾಪ್‌ಟಾಪು ಬೀದಿ ಕಡೆಯ ಕಿಟಕಿಯ ಬಳಿ ಬಾಯಿ ತೆರೆದು ಕೂತಿತು. ಅದರ ಹಿಂದೆ ಹಣೆ ಗಂಟಿಕ್ಕಿಕೊಂಡು ಚಲಪತಿ ಕೂತ.

ಕಿಟಕಿಯ ಬಳಿಯೇ ಯಾಕೆ ಎಂದು ಯಾರಾದರೂ ಕೇಳಿದ್ದರೆ ಬೆಳಕಿಗೆ ಎಂದು ಹೇಳಲು ಅವನು ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದ. ಯಾರೂ ಕೇಳಲಿಲ್ಲ. ಆ ಮನೆಗೆ ಬಂದು ಏನನ್ನಾದರೂ ಕೇಳುವವರು ಇರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ನೋಡೋಣ ನೋಡೋಣ ಎನ್ನುತ್ತಲೇ ಅವನ ತಲೆಯ ಮುಂಭಾಗದ ಕೂದಲು ಹೋಗಿತ್ತು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವ ವಸ್ತು ಎಂದರೆ ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು.

ಮೊದಲು ಹೀಗಿರಲಿಲ್ಲ. ಮಾರಿಕುಪ್ಪಂ ಗಾಡಿಯ ಹಿಂದಿನ ಬೋಗಿಯಲ್ಲಿ ಹಾಡುವವರ ಒಂದು ಗುಂಪಿತ್ತು. ದಿನಾ ಬಂಗಾರಪೇಟೆಯವರೆಗೆ ಹಾಡು, ವಾಪಸ್ಸು ಬರುವಾಗ ಹಾಡು. ಟಿಫಿನ್ ಡಬ್ಬಿಯ ಮೇಲೆ ತಾಳ ಹಾಕುತ್ತ ಚಲಪತಿಯೇ ಮುಂದಾಳು. ಆಮೇಲೆ ಕೆಲವರು ನಿವೃತ್ತರಾದರು, ಕೆಲವರು ಊರು ಬಿಟ್ಟರು, ಉಳಿದವರು ಕಿವಿಗೆ ವೈರು ಚುಚ್ಚಿಕೊಂಡು ಫೋನಿನೊಳಗೆ ಇಳಿದುಹೋದರು. ಒಂದು ದಿನ ಚಲಪತಿ ಅಭ್ಯಾಸದಂತೆ ಡಬ್ಬಿ ಬಾರಿಸಿ ಹಾಡು ಎತ್ತಿದಾಗ, ಎದುರಿಗೆ ಕೂತವನು ಕಿವಿಯಿಂದ ವೈರು ತೆಗೆದು "ಸ್ವಲ್ಪ ಮೆಲ್ಲಗೆ" ಎಂದ. ಅಂದಿನಿಂದ ಚಲಪತಿ ಡಬ್ಬಿಯಿಂದ ಅನ್ನ ಮಾತ್ರ ತಿಂದ.

ಆದ್ದರಿಂದ ಮನೆಯಲ್ಲೇ ಒಂದು ಹಾಡಿನ ಕೂಟ ಇಟ್ಟುಕೊಳ್ಳಬೇಕು, ಬೀದಿಯವರನ್ನೆಲ್ಲ ಕರೆಯಬೇಕು ಎಂದು ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಬಾಯಲ್ಲೇ ಕರೆದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಮನೆಯಲ್ಲಿ ಲ್ಯಾಪ್‌ಟಾಪ್ ಇರುವವನು ಬಾಯಲ್ಲಿ ಕರೆಯುವುದೆಂದರೇನು? ಅಚ್ಚುಹಾಕಿದ ಆಹ್ವಾನ ಪತ್ರಿಕೆಯೇ ಆಗಬೇಕು. ರಜೆಯ ದಿನ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು, ಕಿಟಕಿಯ ಬಳಿ ಕೂತು ಮೊದಲ ಪದ ಒತ್ತಿದ. ಎಚ್ ಎಂಬ ಕೀಲಿ ಒತ್ತಿಸಿಕೊಂಡಿತು. ಪರದೆಯ ಮೇಲೆ ಏನೂ ಬರಲಿಲ್ಲ.

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಅದು ತಾನೇ ಕನ್ನಡಕ್ಕೆ ತಿರುಗಿಸಿಕೊಳ್ಳುವ ಏರ್ಪಾಡು ಅದು. ಎಚ್ ಇಲ್ಲದಿದ್ದರೆ ಹಕಾರ ಇಲ್ಲ. ಭ ಹೋಗಿ ಬ ಆಗುತ್ತದೆ, ಶ ಹೋಗಿ ಸ ಆಗುತ್ತದೆ; ಚ ಮಾತ್ರ ಸಿ ಒಂದರಿಂದಲೇ ಬರುತ್ತದೆ. ಕನ್ನಡದ ಅರ್ಧ ಗಾಂಭೀರ್ಯವೇ ಆ ಒಂದು ಕೀಲಿಯ ಕೆಳಗೆ ಇತ್ತೆಂದು ಚಲಪತಿಗೆ ಆಗಲೇ ಗೊತ್ತಾದದ್ದು.

ಮೆತ್ತಗೆ ಒತ್ತಿದ. ಜೋರಾಗಿ ಒತ್ತಿದ. ಹೆಬ್ಬೆರಳಲ್ಲಿ ಒತ್ತಿದ. ಆರಿಸಿ ಮತ್ತೆ ಹಚ್ಚಿದ. ಎಚ್ ಮೌನವ್ರತ ಬಿಡಲಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿಗಳ ಸಂದಿಯನ್ನೆಲ್ಲ ಗುಡಿಸಿದಾಗ ಯಜಮಾನರು ವರ್ಷಗಟ್ಟಲೆ ತಿಂದಿದ್ದ ಖಾರಾಬೂಂದಿ, ಒಂದು ಉಗುರಿನ ತುಂಡು ಮತ್ತು ಅಗರಬತ್ತಿಯ ಬೂದಿ ಹೊರಬಂದವು. ಎಚ್ ಮಾತ್ರ ಬರಲಿಲ್ಲ.

ಪಕ್ಕದ ಮನೆಯ ಆರುಮುಗಂ ಕಿಟಕಿಯಿಂದ ಇಣುಕಿದ. ಗಣಿಯಲ್ಲಿ ಕೆಲಸ ಮಾಡಿ, ಗಣಿ ಮುಚ್ಚಿದ ಮೇಲೆ ಇಡೀ ಬೀದಿಯ ಯಂತ್ರಗಳಿಗೆಲ್ಲ ಸಲಹೆ ಕೊಡುವ ಹೊಣೆ ತಾನಾಗಿಯೇ ಹೊತ್ತುಕೊಂಡಿದ್ದ ಮನುಷ್ಯ ಅವನು.

"ಎನ್ನಪ್ಪಾ ಚಲಪತಿ, ಅದನ್ನ ಯಾಕೆ ಅಂಗೆ ಕುಟ್ತಿದೀಯ?"

"ಎಚ್ ಬತ್ತಿಲ್ಲ ಅಣ್ಣ."

"ತಲೆಕೆಳಗೆ ಇಡಿ. ಬೆನ್ನ ಮೇಲೆ ಎರಡು ಕೊಡು. ಗಣೀಲಿ ಎಂತೆಂಥಾ ಮೆಷಿನ್ನು ಅಂಗೇ ಎದ್ದು ಕೂತವೆ."

ತಲೆಕೆಳಗೆ ಹಿಡಿದು ಬೆನ್ನಿಗೆ ಎರಡು ಕೊಟ್ಟದ್ದಾಯಿತು. ಒಂದು ಸಾಸಿವೆ ಕಾಳು ಬಿತ್ತು. ಬಿಸಿಲಿಗೆ ಇಡು ಎಂದ ಆರುಮುಗಂ. ಚಲಪತಿ ಹಪ್ಪಳದ ಪಕ್ಕ ಇಟ್ಟ. ಹಪ್ಪಳ ಒಣಗಿತು.

ಮಾರನೆಯ ದಿನ ಬಂಗಾರಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸಾಯಿಕುಮಾರನ ಅಂಗಡಿಗೆ ಹೊತ್ತುಕೊಂಡು ಹೋದ. ಸಾಯಿಕುಮಾರ ಎಲ್ಲ ಕೀಲಿಗಳನ್ನೂ ಒಂದೊಂದಾಗಿ ಒತ್ತಿ, ಎಚ್ ಬಳಿ ನಿಂತು ನಾಲಿಗೆಯಲ್ಲಿ ಚ್ ಎಂದ. ಪರದೆಯ ಮೇಲೆ ಕೀಲಿಗಳ ಚಿತ್ರ ತರಿಸಿ ಮೌಸಿನಿಂದ ಎಚ್ ಒತ್ತಿದ, ಬಂತು. ಬೇರೊಂದು ಕೀಬೋರ್ಡಿನ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಎಚ್ ಒತ್ತಿದ, ಬಂತು. ಏನೋ ಅಳಿಸಿ ಮತ್ತೆ ಹಚ್ಚಿದ, ಹೊಟ್ಟೆ ಬಿಚ್ಚಿ ಒಳಗಿನ ಪಟ್ಟಿ ವೈರು ತೆಗೆದು ಮತ್ತೆ ಕೂರಿಸಿದ. ಲ್ಯಾಪ್‌ಟಾಪಿನ ಸ್ವಂತ ಎಚ್ ಮಾತ್ರ ಬರಲಿಲ್ಲ.

"ಅಣ್ಣಾ, ಬುದ್ಧಿಯೆಲ್ಲ ಸರಿಯಾಗೈತೆ, ಬೆರಳು ಸತ್ತೈತೆ" ಎಂದ ಸಾಯಿಕುಮಾರ. "ಸಾಫ್ಟ್‌ವೇರಲ್ಲಿ ಏನೂ ಇಲ್ಲ. ಕೀಬೋರ್ಡೇ ಬದಲಾಯಿಸ್ಬೇಕು. ಬೆಂಗಳೂರಿಂದ ತರಿಸ್ತೀನಿ, ಸ್ವಲ್ಪ ದಿನ ಆಗ್ತದೆ. ಅಲ್ಲೀಗಂಟ ಈ ವೈರಿನ ಕೀಬೋರ್ಡ್ ತಗೊಂಡೋಗು. ಚುಚ್ಕೊಂಡು ಒತ್ತು, ಸರೋಯ್ತದೆ."

ಚಲಪತಿ ಆ ವೈರನ್ನು ನೋಡಿದ. ಬೀದಿ ಕಡೆಯ ಕಿಟಕಿಯಲ್ಲಿ, ಎಲ್ಲರ ಎದುರಿಗೆ, ಗ್ಲೂಕೋಸ್ ಏರಿಸಿಕೊಂಡ ರೋಗಿಯ ಹಾಗೆ ವೈರು ನೇತುಹಾಕಿಕೊಂಡ ಲ್ಯಾಪ್‌ಟಾಪನ್ನು ಕಲ್ಪಿಸಿಕೊಂಡ.

"ಬ್ಯಾಡಪ್ಪ" ಎಂದ. "ಒಂದಕ್ಷರ ತಾನೆ. ಒಸದು ಬರೋಗಂಟ ಅಡ್ಜಸ್ಟ್ ಮಾಡ್ಕೊಂತೀನಿ."

ಆಗ ಆ ವೈರಿನ ಕೀಬೋರ್ಡನ್ನು ತಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಂಜೆ ಕೂತು ಆಹ್ವಾನ ಪತ್ರಿಕೆ ಒತ್ತಿದ. ಮುಗಿದ ಮೇಲೆ, ತಪ್ಪಿದೆಯೇ ನೋಡೋಣವೆಂದು ಎದೆ ಸೆಟೆದು ಗಟ್ಟಿಯಾಗಿ ಓದಿದ:

"ಮಾನೀಯರೇ, ತಮಗೆಲ್ಲ ಆದರದ ಆವಾನ. ಈ ಬಾನುವಾರ ಸಂಜೆ ನಮ್ಮ ಮನೆಯಲ್ಲಿ ಆಡು ಇಟ್ಟುಕೊಂಡಿದ್ದೇನೆ. ನಾನೇ ಕಟ್ಟಿದ ಆಡೂ ಇದೆ. ಕುಟುಂಬ ಸಮೇತ ಬಂದು, ಸವಿದು ಓಗಬೇಕು. ಇಂತಿ, ಚಲಪತಿ."

ತಪ್ಪೇ ಇರಲಿಲ್ಲ! ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಹಾಡು ಆಡೇ, ಹೋಗು ಓಗೇ. ಬೂದಿಕೋಟೆಯಿಂದ ಆಂಡರ್ಸನ್‌ಪೇಟೆಯವರೆಗೆ ಯಾರ ಬಾಯಲ್ಲೂ ಹಕಾರ ನಿಂತದ್ದಿಲ್ಲ. ಕಿವಿಗೆ ಕೇಳಿದ್ದು ಬಾಯಿ ಆಡಿದಂತೆಯೇ ಇದ್ದಾಗ ಕಣ್ಣು ಹೇಳುವುದನ್ನು ಯಾರು ಕೇಳುತ್ತಾರೆ? ಮೌಸಿನಲ್ಲಿ ಎಚ್ ಒತ್ತುವ ಉಪಾಯ ಸಾಯಿಕುಮಾರ ತೋರಿಸಿದ್ದನ್ನು ಅವನು ಮರೆತೇಬಿಟ್ಟ. ಆಂಡರ್ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಟ್ಟು ಪತ್ರಿಕೆ ಮಾಡಿಸಿ, ಬೀದಿಯ ಮನೆಮನೆಗೂ ಕೊಟ್ಟ.

ಮೊದಲು ಓದಿದವನು ಆರುಮುಗಂ. ಕನ್ನಡಕ ಹಾಕಿಕೊಂಡು ಓದಿದ, ಕನ್ನಡಕ ತೆಗೆದು ಚಲಪತಿಯನ್ನು ನೋಡಿದ. ಅವನ ತಮಿಳಿನಲ್ಲೂ ಆಡು ಎಂದರೆ ನಾಲ್ಕು ಕಾಲಿನ, ಗಡ್ಡವಿರುವ ಆಡೇ. ಸಂದೇಹಕ್ಕೆ ಜಾಗವೇ ಇರಲಿಲ್ಲ.

"ನಿಜವಾಗ್ಲೂ ಆಡಾ?"

"ಊಂ ಅಣ್ಣ, ಆಡೇ."

"ಎಲ್ರಿಗೂ ಸಾಕಾಗುತ್ತಾ?"

"ಸಾಕು ಸಾಕು ಅನ್ನೋಗಂಟ" ಎಂದ ಚಲಪತಿ.

ಆರುಮುಗಂ ಅವನ ಎರಡೂ ಕೈ ಹಿಡಿದುಕೊಂಡ. ಇಷ್ಟು ವರ್ಷ ಪಕ್ಕದಲ್ಲಿದ್ದು ಒಂದು ಸಲವೂ ಹೀಗೆ ಕೈ ಹಿಡಿದವನಲ್ಲ. ಚಲಪತಿ ಆ ಕೈಗಳನ್ನು ಕುಲುಕಿದ. ಹಾಡಿಗೆ ಇಷ್ಟು ಹಸಿದ ಜನ ನಮ್ಮ ಬೀದಿಯಲ್ಲೇ ಇದ್ದರಲ್ಲ, ಇಷ್ಟು ದಿನ ಸುಮ್ಮನಿದ್ದೆನಲ್ಲ ಎಂದುಕೊಂಡ.

ಸಂಜೆಗೆ ಬೂದಿಕೋಟೆಯಿಂದ ಅಕ್ಕ ಮುನಿನಾರಾಯಣಮ್ಮನ ಫೋನು. ಪತ್ರಿಕೆಯ ಫೋಟೋ ಯಾರೋ ಅವಳಿಗೂ ಕಳಿಸಿದ್ದರು.

"ಏನ್ಲಾ, ಆಡು ಇಟ್ಕೊಂಡಿದೀಯಂತೆ? ಒಡುಟ್ಟಿದೋಳಿಗೆ ಊರೋರು ಯೋಳ್ಬೇಕೇನ್ಲಾ?"

"ನೀನು ಬತ್ತೀಯೋ ಇಲ್ಲೋ ಅಂತ ಅಕ್ಕ."

"ಆಡಂದ್ರೆ ಬರ್ದೆ ಇರ್ತೀನಾ? ನಿಮ್ಮ ಭಾವನೂ ಬತ್ತಾರೆ. ಡಾಕುಟ್ರು ಬ್ಯಾಡ ಅಂದವ್ರೆ, ಆದ್ರೂ ಬತ್ತಾರೆ."

ಹಾಡು ಕೇಳಬಾರದೆಂದು ಯಾವ ಡಾಕ್ಟರು ಹೇಳಿದರೋ ಎಂದು ಚಲಪತಿಗೆ ಆಶ್ಚರ್ಯವಾಯಿತು. ಭಾವನಿಗೆ ಬಿಪಿ ಇದ್ದದ್ದು ನೆನಪಾಗಿ, "ಮೆಲ್ಲಗೆ ಮಾಡ್ತೀನಿ ಬುಡು, ಖಾರವಾಗಿ ಇರಲ್ಲ" ಎಂದ.

"ಖಾರ ನಾನು ತತ್ತೀನಿ" ಎಂದು ಅಕ್ಕ ಫೋನಿಟ್ಟಳು.

ಮರುದಿನ ಬಂದವನು ಪೆರುಮಾಳ್. ಆಂಡರ್ಸನ್‌ಪೇಟೆಯಲ್ಲಿ ಮಟನ್ ಅಂಗಡಿ ಇಟ್ಟವನು. ಚಲಪತಿ ಅವನ ಅಂಗಡಿಯ ಮುಂದೆ ಹಾದುಹೋಗಿದ್ದನೇ ಹೊರತು ಮಾತಾಡಿಸಿದವನಲ್ಲ. ಪೆರುಮಾಳ್ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಚಲಪತಿ ಸಾರ್, ಆಡು ದೊಡ್ಡದಾ, ಸಣ್ಣದಾ?"

"ಎರಡು ದೊಡ್ಡದು, ಒಂದು ಸಣ್ಣದು. ಒಂದು ಮಾತ್ರ ಬಾಳ ಅಳೇದು, ನಮ್ಮಮ್ಮನ ಕಾಲದ್ದು."

ಪೆರುಮಾಳ್ ಮುಖ ಹಿಂಡಿದ. "ಅಷ್ಟು ಅಳೇದು ಬೇಡ ಸಾರ್. ಬೇಯಲ್ಲ."

"ಬೇಯ್ತದೆ ಪೆರುಮಾಳ್. ಸುರುತಿ ಸೇರಿದ್ರೆ ಬೇಯ್ತದೆ."

ಸುರುತಿ ಎಂಬುದು ಯಾವುದೋ ಹೊಸ ಮಸಾಲೆ ಪುಡಿ ಇರಬೇಕೆಂದು ಪೆರುಮಾಳ್ ತಲೆಯಲ್ಲಾಡಿಸಿದ. ಆಮೇಲೆ ತಾನು ಬಂದ ವಿಷಯಕ್ಕೆ ಬಂದ.

"ಕುಯ್ಯೋರು ಯಾರು?"

ಚಲಪತಿಯ ಮನಸ್ಸು ಪಿಟೀಲಿಗೆ ಹೋಯಿತು. ಪಕ್ಕವಾದ್ಯವಿಲ್ಲದ ಕೊರಗು ಅವನಿಗೆ ಇದ್ದೇ ಇತ್ತು. "ಕುಯ್ಯೋರು ಯಾರಿದಾರೆ? ನಾನೊಬ್ನೇ. ಯಾರಾದ್ರೂ ಇದ್ದಿದ್ರೆ ಆಡಿಗೆ ಒಂದು ಕಳೆ ಬರ್ತಿತ್ತು."

"ನಾನಿಲ್ವಾ?"

"ನಿಂಗೆ ಕುಯ್ಯಕ್ಕೆ ಬತ್ತದಾ?"

ಪೆರುಮಾಳನ ಮೀಸೆ ಅದುರಿತು. "ಎನ್ನ ಸಾರ್ ಇಪ್ಪಡಿ ಕೇಳ್ತೀರಾ? ನಮ್ಮಪ್ಪ ಅದೇ, ನಮ್ಮ ತಾತ ಅದೇ. ಕೆಜಿಎಫಲ್ಲಿ ನನ್ನ ಕೈ ಗೊತ್ತಿಲ್ದೋರು ಯಾರು?"

"ಅಯ್ಯೋ, ನಂಗೆ ಗೊತ್ತಿರ್ಲಿಲ್ಲಪ್ಪ! ಅಂಗಾದ್ರೆ ನಿಂದೇ ತಗೊಂಬಾ."

"ನಂದು ನನ್ನತ್ರಾನೇ ಇದೆ. ಚೆನ್ನಾಗಿ ಉಜ್ಜಿ ಇಟ್ಟಿದೀನಿ. ಎರಡು ನಿಮಿಷದಲ್ಲಿ ಮುಗಿಸ್ಬಿಡ್ತೀನಿ."

"ಎರಡು ನಿಮಿಷಾನಾ?" ಚಲಪತಿಗೆ ನಿಜವಾಗಿಯೂ ಬೇಸರವಾಯಿತು. "ಅಂಗೆಲ್ಲ ಆತುರ ಮಾಡ್ಬೇಡ. ನಿದಾನಕ್ಕೆ, ಎಳೆದೂ ಎಳೆದೂ ಕುಯ್ಯಬೇಕು. ಕೇಳೋರ ಕಣ್ಣಲ್ಲಿ ನೀರು ಬರ್ಬೇಕು."

ಪೆರುಮಾಳ್ ಒಂದು ಹೆಜ್ಜೆ ಹಿಂದೆ ಸರಿದ. ಎಷ್ಟೋ ಆಡು ಕಂಡವನ ಮುಖದಲ್ಲಿ ಬೆವರು ಒಡೆಯಿತು. ಆವತ್ತು ಅಂಗಡಿಗೆ ಹೋಗಿ ಎಲ್ಲರಿಗೂ ಹೇಳಿದ: ಕಿಟಕಿಯಲ್ಲಿ ಕೂತಿರ್ತಾನಲ್ಲ, ಆ ಸಾಧು ಮುಖದೋನು, ಅವನ ಒಳಗೆ ಏನೋ ಇದೆ, ನಾನು ಓಗ್ತೀನಿ, ಆ ಮೂಕಪ್ರಾಣಿಗೋಸ್ಕರ ಓಗ್ತೀನಿ.

ಈ ಸುದ್ದಿ ಬಚ್ಚಪ್ಪನ ಕಿವಿಗೆ ಬೀಳದೆ ಇರುತ್ತದೆಯೇ? ಬಚ್ಚಪ್ಪ ಊರ ನೈರ್ಮಲ್ಯ ನೋಡಿಕೊಳ್ಳುವ ಅಧಿಕಾರಿ. ಕಂಕುಳಲ್ಲಿ ಚೀಲ, ಮುಖದಲ್ಲಿ ಸರ್ಕಾರ. ಶನಿವಾರ ಬಂದು, ಬಾಗಿಲು ತಟ್ಟದೆ ನೇರ ಹಿತ್ತಿಲಿಗೆ ಹೋಗಿ, ತುಳಸಿ ಗಿಡದ ಹಿಂದೆಲ್ಲ ಬಗ್ಗಿ ನೋಡಿ, ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದರು. ಚಲಪತಿ ಗಾಬರಿಯಾಗಿ ಎದ್ದು ನಿಂತ.

"ಆಡಿಗೆ ಪರ್ಮಿಷನ್ ತಗೊಂಡಿದೀಯೇನಯ್ಯ?"

"ಮನೇಲಿ ಆಡೋದಕ್ಕೂ ಪರ್ಮಿಷನ್ ಬೇಕಾ ಸಾ?"

"ಬೇಡ್ವಾ? ಸುತ್ತಮುತ್ತ ಸಂಸಾರಸ್ಥರು ಇರೋ ಜಾಗ. ರಕ್ತ ಚರಂಡಿಗೆ ಓಗಲ್ವಾ?"

ಹಾಡಿದರೆ ರಕ್ತ ಯಾಕೆ ಬರುತ್ತದೆಂದು ಚಲಪತಿ ಯೋಚಿಸಿದ. ಎತ್ತರದ ಸ್ಥಾಯಿಗೆ ಹೋದರೆ ಗಂಟಲಲ್ಲಿ ರಕ್ತ ಬರುತ್ತದೆಂದು ಯಾರೋ ಅಂದದ್ದು ನೆನಪಾಯಿತು. "ಅಷ್ಟು ಜೋರಾಗಿ ಮಾಡಲ್ಲ ಸಾ. ಮೈಕೂ ಇಟ್ಟಿಲ್ಲ."

"ಆಡಿಗೆ ಮೈಕ್ ಯಾಕಯ್ಯ? ತಮಾಷೆ ಮಾಡ್ತೀಯಾ? ಎಲ್ಲಿ ಕಟ್ಟಿದೀಯ ಯೋಳು."

"ಇಲ್ಲೇ ಸಾ" ಎಂದು ಚಲಪತಿ ಕುರ್ಚಿ ತೋರಿಸಿದ. "ಇಲ್ಲೇ ಕೂತ್ಕೊಂಡು ಕಟ್ಟಿದ್ದು."

ಬಚ್ಚಪ್ಪ ಕುರ್ಚಿಯ ಕೆಳಗೆ ಬಗ್ಗಿ ನೋಡಿದರು. "ಈಗೆಲ್ಲಿ?"

ಚಲಪತಿ ನಾಚಿಕೊಂಡು ಎದೆ ಮುಟ್ಟಿಕೊಂಡ. "ಈಗ ಇಲ್ಲಿದೆ ಸಾ."

ಬಚ್ಚಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಬ್ಬನೇ ಇರುವ ಮನುಷ್ಯ. ಒಂದೊಂದು ಸಲ ಹೀಗಾಗುತ್ತದೆ. ದನಿ ತಗ್ಗಿಸಿ, "ನಾಳೆ ನಾನೇ ಖುದ್ದಾಗಿ ಬಂದು ಕೂತ್ಕೋತೀನಿ. ನಾನು ಬರೋವರ್ಗೂ ಏನೂ ಶುರು ಮಾಡಬೇಡ" ಎಂದು ಹೋದರು. ಅಧಿಕಾರಿಯೊಬ್ಬರು ಖುದ್ದಾಗಿ ಬಂದು ಕೂರುತ್ತಾರೆಂದು ಚಲಪತಿ ಅಂಗಡಿಬೀದಿಗೆ ಓಡಿ ಒಂದು ಹೂವಿನ ಹಾರ ತಂದಿಟ್ಟ.

ಭಾನುವಾರ ಬಿಸಿಲು ಇಳಿಯುವ ಮೊದಲೇ ಜನ ಬಂದರು. ಬೀದಿಯವರು ಬಂದರು, ಹಿಂದಿನ ಬೀದಿಯವರು ಬಂದರು, ಅವರ ಮನೆಗೆ ಬಂದಿದ್ದ ನೆಂಟರು ಬಂದರು. ಬಾಗಿಲ ಬಳಿ ಚಪ್ಪಲಿಗಳು ರಾಶಿ ಬಿದ್ದವು. ಹೆಂಗಸರ ಸೆರಗಿನ ಕೆಳಗೆ ಮುಚ್ಚಳದ ಡಬ್ಬಿಗಳು ಇದ್ದವು. ಬಂದ ಕೂಡಲೇ ಅಡುಗೆಮನೆಯ ಕಡೆ ಮೂಗು ತಿರುಗಿಸಿ, ಮತ್ತೆ ಮುಂದೆ ನೋಡಿ ಕೂತರು. ಬೂದಿಕೋಟೆಯ ಬಸ್ಸಿನಿಂದ ಮುನಿನಾರಾಯಣಮ್ಮ ರುಬ್ಬಿದ ಮಸಾಲೆಯ ದೊಡ್ಡ ಡಬ್ಬಿಯೊಂದಿಗೆ ಇಳಿದಳು. ಹಿಂದೆ ಭಾವ, ಡಾಕ್ಟರಿಗೆ ಗೊತ್ತಾಗದ ಹಾಗೆ ಶಾಲು ಹೊದ್ದುಕೊಂಡು. ಪೆರುಮಾಳ್ ಒಂದು ದೊಡ್ಡ ಹಂಡೆ ಹೊತ್ತು, ಟವೆಲ್ಲಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಪಿಟೀಲಿನ ಕಡ್ಡಿ ಅದೇ ಇರಬೇಕೆಂದುಕೊಂಡ ಚಲಪತಿ, "ನನ್ನ ಪಕ್ಕಕ್ಕೇ ಕೂತ್ಕೋ" ಎಂದು ಜಾಗ ಕೊಟ್ಟ. ಹಂಡೆ ಯಾಕೆಂದು ಕೇಳುವುದು ಮರ್ಯಾದೆಯಲ್ಲ. ಘಟವಾದ್ಯ ಬಾರಿಸುವವರು ಮಡಕೆ ತರುವುದಿಲ್ಲವೇ? ಕೊನೆಗೆ ಬಚ್ಚಪ್ಪ ಬಂದರು. ಹಾರ ಹಾಕಿಸಿಕೊಂಡು, ಏನೆಂದು ತಿಳಿಯದೆ ಕೂತರು.

ಚಲಪತಿ ಎಲ್ಲರ ಮುಖವನ್ನೂ ನೋಡಿದ. ಆ ಮನೆಯಲ್ಲಿ ಅಷ್ಟು ಜನ ಸೇರಿದ್ದು ತಾಯಿ ತೀರಿಕೊಂಡ ದಿನ. ಆವತ್ತು ಅವನು ಯಾರ ಮುಖವನ್ನೂ ನೋಡಿರಲಿಲ್ಲ. ಕಣ್ಣು ಒರೆಸಿಕೊಂಡು, ಕೈ ಮುಗಿದು, ಫೋನಿನಲ್ಲಿ ಶ್ರುತಿ ಹಚ್ಚಿ, ಮೊದಲ ಹಾಡು ಎತ್ತಿದ. ಬಲಿಗೆ ಮುಂಚೆ ದೇವರ ಹಾಡು ಇರಬೇಕೆಂದು ಜನ ಕೈ ಜೋಡಿಸಿಕೊಂಡು ಕೇಳಿದರು. ಎರಡನೆಯದು ತಾನೇ ಕಟ್ಟಿದ್ದು:

"ಸಂಜೆ ಗಾಡಿ ಬಂದು ನಿಂತು ಬಾಗಿಲೆಲ್ಲ ತೆರೆದವು,
ಇಳಿದೋರೆಲ್ಲ ಮನೆಗೆ ಓದ್ರು, ನಾನು ಇಳಿದು ಎಲ್ಲಿಗೆ?"

ಇದು ಯಾವ ದೇವರ ಮೇಲೆ ಎಂದು ಹಿಂದಿನ ಸಾಲಿನಲ್ಲಿ ಪಿಸುಮಾತು ಹುಟ್ಟಿತು. ಭಾವ ಗಡಿಯಾರ ನೋಡಿಕೊಂಡರು. ಚಲಪತಿಗೆ ಇದ್ಯಾವುದೂ ಕಾಣಲಿಲ್ಲ. ಹಾಡು ಮುಗಿಸಿ, ಮುಖ ಅರಳಿಸಿಕೊಂಡು ಪೆರುಮಾಳನ ಕಡೆ ತಿರುಗಿದ.

"ಈಗ ನಮ್ಮಮ್ಮನ ಕಾಲದ ಅಳೇ ಆಡು. ನಾನು ಎತ್ಕೊಡ್ತೀನಿ, ನೀನು ಇಂದೇ ಇಂದೇ ಕುಯ್ಕೊಂಡು ಬಾಪ್ಪ."

ಸಭೆಯಲ್ಲಿ ಜೀವ ಬಂತು. ಡಬ್ಬಿಗಳು ಸೆರಗಿನಿಂದ ಹೊರಬಂದವು. ಪೆರುಮಾಳ್ ಎದ್ದು ನಿಂತು ಟವೆಲ್ ಬಿಚ್ಚಿದ. ಮೊಳದುದ್ದದ ಕತ್ತಿ ಟ್ಯೂಬ್‌ಲೈಟಿನ ಬೆಳಕಿಗೆ ಫಳ್ ಎಂದಿತು.

ಚಲಪತಿ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ.

"ಎತ್ಕೊಡಿ ಸಾರ್" ಎಂದ ಪೆರುಮಾಳ್. "ಆಡು ಎಲ್ಲಿ?"

"ಈಗ ಆಡಿದ್ದಲ್ವೇನೋ ಎರಡು!" ಎಂದ ಚಲಪತಿ, ನೆಲದಿಂದ. "ಇನ್ನೂ ಐತೆ. ಕತ್ತಿ ಯಾಕೋ? ನಿನ್ನ ಪಿಟೀಲು ಎಲ್ಲೋ?"

ಮೊದಲು ಅರ್ಥವಾದದ್ದು ಆರುಮುಗಂಗೆ. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಎದ್ದು ನಿಂತು, ಹಾಡಿಗೆ ತನ್ನ ತಮಿಳಿನ ಹೆಸರು ಹಿಡಿದು ಕೂಗಿದ.

"ಅಯ್ಯಯ್ಯೋ, ಪಾಟ್ಟು! ಇವನು ಇಟ್ಕೊಂಡಿರೋದು ಪಾಟ್ಟಪ್ಪಾ, ಪಾಟ್ಟು! ಆಡಿಲ್ಲ, ಏನಿಲ್ಲ!"

ಆಮೇಲೆ ಎದ್ದ ಗದ್ದಲವನ್ನು ವಿವರಿಸುವುದು ಕಷ್ಟ. ಎಲ್ಲರೂ ಪತ್ರಿಕೆ ತೆಗೆದು ಒಟ್ಟಿಗೆ ಓದಿದರು. ಹಾಡು ಎಂದು ಬರೆಯುವುದಕ್ಕೆ ಏನು ರೋಗ ಎಂದು ಒಬ್ಬರು. ಬರೆದದ್ದು ಸರಿಯಾಗೇ ಇದೆ, ಓದುವವರು ಸರಿಯಿಲ್ಲ ಎಂದು ಇನ್ನೊಬ್ಬರು.

"ನಾವು ಮಾತಾಡೋವಾಗ ಅ ಬುಡ್ತೀವಿ, ಬರೆಯೋವಾಗ ಬುಡ್ತೀವಾ?" ಎಂದು ಹಿಂದಿನ ಬೀದಿಯವನೊಬ್ಬ ಕೂಗಿದ.

"ಅ ಅಲ್ಲಯ್ಯ, ಅ!" ಎಂದು ಮತ್ತೊಬ್ಬ ತಿದ್ದಿದ.

"ಅದೇ ನಾನೂ ಯೋಳ್ತಿರೋದು, ಅ!"

"ಎಚ್ ಕೆಟ್ಟೋಗಿತ್ತು" ಎಂದ ಚಲಪತಿ. "ಬೆಂಗಳೂರಿಂದ ಬರ್ಬೇಕು."

ಯಾರೂ ಕೇಳಿಸಿಕೊಳ್ಳಲಿಲ್ಲ. ಬಚ್ಚಪ್ಪ ಹಾರ ತೆಗೆದು ಮೇಜಿನ ಮೇಲಿಟ್ಟು, "ಪ್ರಾಣಿ ಇಲ್ಲ, ಆದ್ದರಿಂದ ಕೇಸಿಲ್ಲ" ಎಂದು ಘೋಷಿಸಿ ಹೊರಟರು. ಅವರ ಹಿಂದೆ ಜನ ಹೊರಟರು. ಕೆಲವರು ನಕ್ಕುಕೊಂಡು, ಕೆಲವರು ಖಾಲಿ ಡಬ್ಬಿ ಅಲ್ಲಾಡಿಸಿಕೊಂಡು. ಚಪ್ಪಲಿಗಳ ರಾಶಿ ಕರಗುತ್ತಾ ಬಂತು. ಪೆರುಮಾಳ್ ಕತ್ತಿಯನ್ನು ಟವೆಲ್ಲಿಗೆ ಸುತ್ತಿಕೊಂಡು, ಆಡಿಗೆ ಏನೂ ಆಗಲಿಲ್ಲವೆಂಬ ನೆಮ್ಮದಿಯಲ್ಲೋ ಏನೋ, ಹಂಡೆಯನ್ನೂ ಮರೆತು ಹೋದ.

ಮುನಿನಾರಾಯಣಮ್ಮ ಮಸಾಲೆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೊನೆಯವರೆಗೂ ಕೂತಿದ್ದಳು.

"ಒರಳ ಮುಂದೆ ಕೂತು ರುಬ್ಬಿದ್ದೀನಲ್ಲೋ" ಎಂದಳು. "ಆಡೋದಾದ್ರೆ ಪೋನಲ್ಲೇ ಆಡ್ಬೋದಿತ್ತಲ್ಲೋ, ಮೂಳ."

"ಒಂದು ಆಡ್ಲಾ ಅಕ್ಕ, ನಿಂಗೆ?"

"ಬಸ್ ಓಯ್ತದೆ ಕಣ್ಲಾ" ಎಂದು ಅವಳು ಎದ್ದಳು. ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದಳು. ಭಾವ ಆಗಲೇ ಬೀದಿಯ ತಿರುವು ದಾಟಿದ್ದರು. ಅವಳೂ ಹೋದಳು.

ಚಲಪತಿ ಬಾಡಿಗೆಗೆ ತಂದ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿದ. ನೀರು ಕುಡಿದ ಲೋಟಗಳನ್ನು ತೊಳೆದ. ಇಷ್ಟೊಂದು ಲೋಟ ತೊಳೆದು ಅವನಿಗೆ ಅಭ್ಯಾಸವಿರಲಿಲ್ಲ. ಅವಸರವಿಲ್ಲದೆ, ಒಂದೊಂದನ್ನೂ ಎರಡೆರಡು ಸಲ ತೊಳೆದ.

ಆ ವಾರವೆಲ್ಲ ಬೀದಿಯಲ್ಲಿ ಅವನು ಹಾದಾಗ ಯಾರಾದರೂ ಮೇಕೆಯಂತೆ ಕೂಗುತ್ತಿದ್ದರು. ಚಲಪತಿ ತಿರುಗಿ ನಗುತ್ತಿದ್ದ. ಮೊದಲಾದರೆ ಕೂಗುವವರೂ ಇರಲಿಲ್ಲ.

ಬೆಂಗಳೂರಿನಿಂದ ಕೀಬೋರ್ಡ್ ಬಂತು. ಸಾಯಿಕುಮಾರ ಹಳೆಯದನ್ನು ಕಿತ್ತು ಹೊಸದು ಕೂರಿಸಿ, "ಒತ್ತಣ್ಣಾ" ಎಂದ. ಚಲಪತಿ ಬೆರಳಿಟ್ಟ. ಹಕಾರಗಳು ಸಾಲುಗಟ್ಟಿ ಬಂದವು. ಆವತ್ತೇ ಕೂತು ಎರಡನೆಯ ಪತ್ರಿಕೆ ಒತ್ತಿದ. ಮಹನೀಯರು ಮಹನೀಯರಾದರು, ಭಾನುವಾರ ಭಾನುವಾರವಾಯಿತು. ಹಾಡು ಎಂಬ ಪದವನ್ನು ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ ಗೆರೆ ಎಳೆದ. ಒಂದು ತಪ್ಪೂ ಇರಲಿಲ್ಲ. ಅದೇ ಮನೆಮನೆಗೆ ಹೋಗಿ ಕೊಟ್ಟ. ಎಲ್ಲರೂ ಓದಿ, ಮಡಿಸಿ, "ನೋಡೋಣ" ಎಂದರು.

ಭಾನುವಾರ ಮತ್ತೆ ಕುರ್ಚಿ ಹಾಕಿದ. ಲೋಟಗಳಲ್ಲಿ ನೀರು ತುಂಬಿದ. ಬಿಸಿಲು ಇಳಿಯಿತು. ಆರುಮುಗಂ ತನ್ನ ಕಿಟಕಿಯಿಂದಲೇ ಮಂಡಿ ತೋರಿಸಿ, ನೋವು ಎಂದು ಸನ್ನೆ ಮಾಡಿ ಪರದೆ ಎಳೆದುಕೊಂಡ. ಬೂದಿಕೋಟೆಯ ಬಸ್ಸು ಬಂದು ಹೋಯಿತು. ಯಾರೂ ಇಳಿಯಲಿಲ್ಲ. ಕರೆದ ಮೇಲೆ ಹಾಡದೆ ಇರುವುದು ಸರಿಯಲ್ಲವೆಂದು ಚಲಪತಿ ಖಾಲಿ ಕುರ್ಚಿಗಳಿಗೆ ಕೈ ಮುಗಿದು, ಕದ ತೆರೆದಿಟ್ಟೇ ಹಾಡಲು ತೊಡಗಿದ.

ಎರಡನೆಯ ಹಾಡಿನ ನಡುವೆ ಬಾಗಿಲಲ್ಲಿ ನೆರಳು ಬಿತ್ತು. ಪೆರುಮಾಳ್ ನಿಂತಿದ್ದ.

"ಅಂಡೆ ಸಾರ್" ಎಂದ. "ಆವತ್ತು ಬಿಟ್ಟೋದೆ."

ಚಲಪತಿ ಹಾಡು ನಿಲ್ಲಿಸದೆ ಮೂಲೆಯ ಕಡೆ ಕೈ ತೋರಿಸಿದ. ಪೆರುಮಾಳ್ ಹೋಗಿ ಹಂಡೆ ಎತ್ತಿಕೊಂಡ. ಬಾಗಿಲವರೆಗೆ ಬಂದ. ಸಾಲಾಗಿ ಹಾಕಿದ್ದ ಕುರ್ಚಿಗಳನ್ನು ನೋಡಿದ, ತುಂಬಿದ್ದ ಲೋಟಗಳನ್ನು ನೋಡಿದ. ಹಂಡೆಯನ್ನು ಕೆಳಗಿಟ್ಟು ಮುಂದಿನ ಸಾಲಿನಲ್ಲಿ ಕೂತ.

"ಆವತ್ತು ಒಟ್ಟೆ ಅಸೀತಿತ್ತು ಸಾರ್, ಒಂದೂ ಕೇಳಿಸ್ಲಿಲ್ಲ" ಎಂದ. "ಇವತ್ತು ಉಂಡ್ಕೊಂಡೇ ಬಂದಿದೀನಿ. ಮೊದಲಿಂದ ಆಡಿ."

ಚಲಪತಿ ಮೊದಲಿನಿಂದ ಹಾಡಿದ. ಪೆರುಮಾಳ್ ತೊಡೆಯ ಮೇಲೆ ತಾಳ ಹಾಕಿದ. ತಾಳ ಹಾಡಿಗೆ ಹೊಂದದಿದ್ದರೂ ಇಬ್ಬರಿಗೂ ತೊಂದರೆಯಾಗಲಿಲ್ಲ. ಮೂರನೆಯ ಹಾಡಿಗೆ ತಾಳ ನಿಧಾನವಾಯಿತು. ನಾಲ್ಕನೆಯದಕ್ಕೆ ಪೆರುಮಾಳನ ಗದ್ದ ಎದೆಗೆ ತಾಗಿತು, ಬಾಯಿ ಅರ್ಧ ತೆರೆದುಕೊಂಡಿತು. ಸಣ್ಣಗೆ ಗೊರಕೆ ಕೇಳಿಸಿತು.

ಚಲಪತಿಗೆ ಗೊತ್ತಿದ್ದ ಹಾಡುಗಳೆಲ್ಲ ಮುಗಿದವು. ಆದರೆ ದನಿ ನಿಂತರೆ ಪೆರುಮಾಳನಿಗೆ ಎಚ್ಚರವಾಗುತ್ತದೆ, ಎಚ್ಚರವಾದರೆ ಎದ್ದು ಹೋಗುತ್ತಾನೆ. ಆದ್ದರಿಂದ ಚಲಪತಿ ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡು, ಬಾಯಿಗೆ ಬಂದ ಪದಗಳನ್ನು ಸೇರಿಸಿಕೊಂಡು, ಹಾಡುತ್ತಲೇ ಇದ್ದ.